ಪಡಸಾಲೆಯ ಮಾತು: ಜ್ವರದ ಲೆಕ್ಕ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಅರ್ಧದಷ್ಟು ಉಪ್ಪಿನಕಾಯಿ ಕೆಟ್ಟುಹೋದ ವಿಚಾರ, ಉಳಿದರ್ಧ ಗಂಡು-ಹೆಣ್ಣು ಹೊಂದಿಸುವ ವಿಚಾರ. ಈ ಸಲ ಚೆಂಬೂರಿನ ಸೋದರಿಯೊಬ್ಬರಿಂದ ಬಂದಿರುವ ಕಾಗದ ಎರಡಕ್ಕೂ ಸೇರಿದ್ದಲ್ಲ. ಮಳೆಗಾಲ ಬಂತೆಂದರೆ ಅವರ ಮನೆಗೆ ಮುನಿಸಿಪಾಲಿಟಿಯ ಆರೋಗ್ಯ ಸೇವಿಕೆಯೊಬ್ಬರು ಬಂದು, "ಮನೆಯಲ್ಲಿ ಯಾರಿಗಾದರೂ ಜ್ವರವೇ?" ಎಂದು ಕೇಳಿ, ಹೆಸರು, ವಯಸ್ಸು, ಮಹಡಿ ಬರೆದುಕೊಂಡು ಹೋಗುತ್ತಾರಂತೆ. ಅತ್ತೆಯವರಿಗೆ ಇದು ಸೇರದು. "ಜ್ವರ ಬಂದರೆ ಡಾಕ್ಟರರಿಗೆ ಹೇಳುತ್ತೇವೆ, ಬೀದಿಗೇಕೆ ಹೇಳಬೇಕು?" ಎನ್ನುತ್ತಾರೆ. ಕಟ್ಟಡದ ಸೊಸೈಟಿಯ ಸೆಕ್ರೆಟರಿಯವರದೂ ಅದೇ ಅಭಿಪ್ರಾಯ. ಡೆಂಗ್ಯೂ ಎಂಬ ಹೆಸರು ಒಮ್ಮೆ ಹತ್ತಿಕೊಂಡರೆ ಬಾಡಿಗೆಗೆ ಬರುವವರು ಹಿಂಜರಿಯುತ್ತಾರೆ ಎಂಬ ಹೆದರಿಕೆ. ಈ ಮಳೆಗಾಲದಲ್ಲಿ ಸೋದರಿಯವರ ಮಗಳಿಗೆ ಜ್ವರ ಬಂದಾಗ ಅವರು ಬಾಯಿ ಬಿಡಲಿಲ್ಲ. ಮಗು ಗುಣವಾಯಿತು. ಈಗ ಮನಸ್ಸು ಕೊರೆಯುತ್ತಿದೆಯಂತೆ. "ನಾನು ಮಾಡಿದ್ದು ತಪ್ಪೇ? ನನ್ನ ಮಗಳೊಬ್ಬಳ ಜ್ವರವನ್ನು ಬರೆದುಕೊಂಡು ಅವರಿಗೆ ಆಗಬೇಕಾದ್ದಾದರೂ ಏನು?" ಎಂದು ಕೇಳಿದ್ದಾರೆ.

ಉತ್ತರ ಬರೆಯುವ ಮುಂಚೆ ನನ್ನದೊಂದು ಮಾತು ಒಪ್ಪಿಕೊಳ್ಳಬೇಕು. ಮೂವತ್ತನಾಲ್ಕು ವರ್ಷ ಲೆಕ್ಕಪತ್ರದ ಕಛೇರಿಯಲ್ಲಿ ಕೂತು, ಒಂದು ಪೈಸೆ ಹೆಚ್ಚುಕಡಿಮೆಯಾದರೂ ಪುಸ್ತಕ ಮುಚ್ಚಗೊಡದೆ ಗುಮಾಸ್ತರ ಶಾಪ ತಿಂದವನು ನಾನು. ಅಂಥವನೇ ಮೂರು ಮಳೆಗಾಲಗಳ ಹಿಂದೆ ನಮ್ಮ ಮಾಟುಂಗದ ಮನೆಯ ಬಾಗಿಲಲ್ಲಿ ನಿಂತು, ಒಳಗೆ ಮೊಮ್ಮಗ ನೂರಾ ಮೂರು ಡಿಗ್ರಿ ಜ್ವರದಲ್ಲಿ ನರಳುತ್ತಿದ್ದಾಗ, ಸೇವಿಕೆಗೆ "ನಮ್ಮಲ್ಲಿ ಯಾರಿಗೂ ಏನೂ ಇಲ್ಲ, ತಾಯಿ" ಎಂದು ಹೇಳಿ ಕಳುಹಿಸಿದೆ. ಕಾರಣ, ಮುಂದಿನ ಭಾನುವಾರ ಸತ್ಯನಾರಾಯಣ ಪೂಜೆ. ಅರವತ್ತು ಜನಕ್ಕೆ ಆಹ್ವಾನ ಹೋಗಿತ್ತು. ಮೊಮ್ಮಗ ಎದ್ದು ಕೂತ. ಪೂಜೆಯೂ ಆಯಿತು, ಸಪಾದಭಕ್ಷ್ಯವೂ ಚೆನ್ನಾಗಿತ್ತು. ಮೂರನೆಯ ವಾರಕ್ಕೆ ಮೇಲಿನ ಮಹಡಿಯ ಹುಡುಗ, ಅವನ ಹಿಂದೆಯೇ ಎದುರು ಮನೆಯ ಗೃಹಿಣಿ ಮಲಗಿದರು. ಹುಡುಗ ಎಂಟು ದಿನ ಆಸ್ಪತ್ರೆಯಲ್ಲಿದ್ದ. ಅವನ ತಾಯಿ ಮೆಟ್ಟಿಲಲ್ಲಿ ಸಿಕ್ಕಿ, "ಎಲ್ಲಿಂದ ಹತ್ತಿತೋ ಗೊತ್ತಿಲ್ಲ, ಮಾವಾ" ಎಂದಾಗ ನಾನು ಕೈಯಲ್ಲಿದ್ದ ಹಾಲಿನ ಚೀಲವನ್ನೇ ನೋಡುತ್ತ ನಿಂತೆ. ಕೊನೆಗೆ ಸೊಳ್ಳೆಯ ಮರಿಗಳು ಸಿಕ್ಕಿದ್ದು ನಮ್ಮ ಬಾಲ್ಕನಿಯ ತುಳಸಿ ಕುಂಡದ ಕೆಳಗಿನ ತಟ್ಟೆಯಲ್ಲಿ. ಹುಡುಗನಿಗೆ ಕಚ್ಚಿದ ಸೊಳ್ಳೆ ನಮ್ಮದೇ ಎಂದು ಸಾಧಿಸಲು ಯಾರಿಂದಲೂ ಆಗದು. ಅಲ್ಲವೆಂದು ಸಾಧಿಸಲು ನನ್ನಿಂದಲೂ ಆಗದು.

ಆ ಮೇಲೆ ನಾನು ಈ ಜ್ವರದ ಲೆಕ್ಕವೆಂಬುದು ಏನೆಂದು ತಿಳಿಯಲು ಹೊರಟೆ. ಮುಂಬಯಿಯಲ್ಲಿರುವ ನಮಗೆ ಇದರ ಕಥೆ ದೂರದ್ದೇನಲ್ಲ ಎಂದು ಆಗಲೇ ಗೊತ್ತಾಯಿತು.

1896ರ ಸೆಪ್ಟೆಂಬರಿನಲ್ಲಿ ಬಂದರಿನ ಬಳಿಯ ಮಾಂಡವಿಯಲ್ಲಿ ಡಾಕ್ಟರ್ ವೀಗಸ್ ಎಂಬುವರು ಒಬ್ಬ ರೋಗಿಯ ಗಡ್ಡೆಯನ್ನು ನೋಡಿ ಇದು ಪ್ಲೇಗು ಎಂದರು. ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟರು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಶಾಸನ ಬಂತು. 2020ರಲ್ಲಿ ಕೊರೋನಾ ಬಂದಾಗಲೂ ಸರ್ಕಾರಗಳು ಕೈಗೆತ್ತಿಕೊಂಡದ್ದು ಆ ಹಳೆಯ ಶಾಸನವನ್ನೇ. ಪುಣೆಯಲ್ಲಿ ಸೋಲ್ಜರುಗಳು ಮನೆಮನೆಗೆ ನುಗ್ಗಿ, ಅಡಿಗೆಮನೆ ದೇವರಮನೆ ಎನ್ನದೆ ಶೋಧಿಸಿ, ರೋಗಿಗಳನ್ನು ಎತ್ತಿಕೊಂಡು ಹೋದರು. ಆ ಸಿಟ್ಟು ಹೊತ್ತಿ 1897ರ ಜೂನ್ 22ರಂದು ಪ್ಲೇಗಿನ ಅಧಿಕಾರಿ ರ್‍ಯಾಂಡನಿಗೆ ಚಾಪೇಕರ್ ಸಹೋದರರು ಗುಂಡು ಹಾರಿಸಿದ ಸಂಗತಿ ಪುಣೆಯ ವಾಚಕರಿಗೆ ನಾನು ಹೇಳಬೇಕಾದ್ದಿಲ್ಲ. ಜನ ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನೂ ಬಚ್ಚಿಟ್ಟರು. ಚೆಂಬೂರಿನ ಅತ್ತೆಯವರ ಮಾತಿಗೆ ಅಷ್ಟು ಹಳೆಯ ಬೇರು ಇದೆ. ಅದನ್ನು ಬರಿಯ ಅಜ್ಞಾನವೆಂದು ನಗುವುದು ಸರಿಯಲ್ಲ. ಕೇಳುವವನು ಬೂಟುಗಾಲಿನಲ್ಲಿ ಬಂದರೆ ಯಾರೂ ನಿಜ ಹೇಳುವುದಿಲ್ಲ.

ಮನುಷ್ಯರು ಬಚ್ಚಿಟ್ಟರೂ ಇಲಿಗಳು ಬಚ್ಚಿಡಲಿಲ್ಲ. ನಮ್ಮ ಅಜ್ಜಿ ಧಾರವಾಡದ ಕಡೆಯವಳು. "ಇಲಿ ಬಿದ್ದೂವಂದ್ರ ಗಂಟು ಕಟ್ಟಬೇಕು, ಯಾರನ್ನೂ ಕೇಳಬಾರದು" ಎಂದು ಆಕೆ ಹೇಳುತ್ತಿದ್ದಳು. ಜಂತೆಯಿಂದ ಇಲಿಯೊಂದು ಬಿದ್ದು ಸತ್ತಿತೆಂದರೆ ಊರಿನ ಹೊರಗೆ ಹೊಲದಲ್ಲಿ ಗುಡಿಸಲು ಏಳುತ್ತಿತ್ತು. ಎರಡು ವಾರ ಮುಂಚೆಯೇ ಮೃತ್ಯು ಚೀಟಿ ಕಳುಹಿಸುತ್ತಿದೆ ಎಂಬುದು ಆ ಅಕ್ಷರ ಬಾರದ ಹೆಂಗಸರಿಗೆ ತಿಳಿದಿತ್ತು. ನಮ್ಮ ತಂದೆಯ ಅಣ್ಣ ಹುಟ್ಟಿದ್ದು ಅಂಥ ಒಂದು ಗುಡಿಸಲಿನಲ್ಲಿ. ಅವನನ್ನು ಕೊನೆಯವರೆಗೂ ಮನೆಯಲ್ಲಿ "ಗುಡಿಸಲ ಗುಂಡ" ಎಂದೇ ಕರೆದರು.

ಇದೇ ಮಾತನ್ನು 1905ರಿಂದ ಪ್ಲೇಗ್ ಸಂಶೋಧನಾ ಆಯೋಗದವರು ಪರೇಲಿನಲ್ಲಿ, ಇಂದು ಹಾಫ್ಕಿನ್ ಸಂಸ್ಥೆಯಿರುವ ಜಾಗದಲ್ಲಿ, ಕೂತು ಸಾಧಿಸಿದರು. ಅವರು ಮಾಡಿದ ಕೆಲಸ ನನ್ನಂಥ ಲೆಕ್ಕಿಗನಿಗೆ ಕಣ್ಣು ತುಂಬುವಂಥದು. ಬೀದಿಬೀದಿಯಲ್ಲಿ ಬೋನು ಇಟ್ಟು ಇಲಿ ಹಿಡಿಸಿದರು. ಪ್ರತಿಯೊಂದು ಇಲಿಗೂ ಅದು ಯಾವ ಬೀದಿಯ ಯಾವ ಮನೆಯದೆಂದು ಚೀಟಿ ಕಟ್ಟಿಸಿದರು. ಕೊಯ್ದು ನೋಡಿ, ಪ್ಲೇಗು ಇದೆಯೇ ಇಲ್ಲವೇ ಎಂದು ಬರೆದು, ನಕ್ಷೆಯ ಮೇಲೆ ಗುರುತು ಹಾಕಿದರು. ಮೊದಲು ಚರಂಡಿಯ ದೊಡ್ಡ ಇಲಿಗಳಲ್ಲಿ ರೋಗ, ಸುಮಾರು ಹತ್ತು ದಿನಕ್ಕೆ ಮನೆಯ ಕಪ್ಪಿಲಿಗಳಲ್ಲಿ, ಅದಾದ ಹತ್ತು ಹದಿನಾಲ್ಕು ದಿನಕ್ಕೆ ಮನುಷ್ಯರಲ್ಲಿ ಎಂಬ ಕ್ರಮ ಗೋಚರವಾಯಿತು. ಅಜ್ಜಿಯ ಎರಡು ವಾರ ಅವರ ಪುಸ್ತಕದಲ್ಲೂ ಎರಡೇ ವಾರ.

ಈಗ ಲೆಕ್ಕ ಬರೆಯುವುದರಿಂದ ಲೆಕ್ಕ ಹಾಕುವುದಕ್ಕೆ ಬರೋಣ.

ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಕ್ರಿಮಿಯನ್ನು ಕಂಡ ರೊನಾಲ್ಡ್ ರಾಸ್‌ರ ಹೆಸರು ಹೈದರಾಬಾದಿನ ವಾಚಕರಿಗೆ ಚಿರಪರಿಚಿತ. ಅದಕ್ಕೆ ಎರಡು ವರ್ಷ ಮುಂಚೆ ಅವರನ್ನು ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೆ ಕಳುಹಿಸಿದ್ದರು. ಈ ರಾಸ್‌ರಿಗೆ ಗಣಿತದ ಹುಚ್ಚು. 1901ರಲ್ಲಿ ಅವರೊಡನೆ ಸಿಯೆರಾ ಲಿಯೋನಿಗೆ ಹೋದ ಮೆಕೆಂಡ್ರಿಕ್ ಎಂಬ ತರುಣ ವೈದ್ಯನಿಗೆ ಆ ಹುಚ್ಚು ಹತ್ತಿತು. ಮೆಕೆಂಡ್ರಿಕ್ ಮುಂದೆ ಹಿಂದೂಸ್ಥಾನದ ವೈದ್ಯಕೀಯ ಸೇವೆಯಲ್ಲಿದ್ದು, ಕಸೌಲಿಯಲ್ಲಿ ಕೆಲಸ ಮಾಡಿ, 1920ರಲ್ಲಿ ಎಡಿನ್‌ಬರೋ ನಗರಕ್ಕೆ ಹಿಂತಿರುಗಿದರು. ಅಲ್ಲಿ ಅವರ ಪ್ರಯೋಗಶಾಲೆಯಲ್ಲಿ ಕೆರ್ಮ್ಯಾಕ್ ಎಂಬ ರಸಾಯನಶಾಸ್ತ್ರಜ್ಞನಿದ್ದ. 1924ರಲ್ಲಿ ಪ್ರಯೋಗದ ನಡುವೆ ಅವಘಡವಾಗಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವನ ಎರಡು ಕಣ್ಣೂ ಹೋದವು. ಒಬ್ಬರು ವೈದ್ಯರು, ಒಬ್ಬರು ಕಣ್ಣಿಲ್ಲದ ರಸಾಯನಶಾಸ್ತ್ರಜ್ಞರು. ಇಬ್ಬರೂ ಸೇರಿ 1927ರಲ್ಲಿ ಬರೆದ ಒಂದು ಲೇಖನವೇ ಇಂದು ಜಗತ್ತಿನಲ್ಲಿ ಸಾಂಕ್ರಾಮಿಕದ ಗಣಿತ ಕಲಿಯುವವರಿಗೆಲ್ಲ ಓಂಕಾರ. ಆ ಗಣಿತವನ್ನು ಅವರು ಯಾವ ಊರಿನ ಅಂಕಿಗಳ ಮೇಲೆ ಒರೆಹಚ್ಚಿದರು ಗೊತ್ತೇ? ನಮ್ಮ ಮುಂಬಯಿಯ ಅಂಕಿಗಳ ಮೇಲೆ. 1905ರ ಡಿಸೆಂಬರ್ 17ರಿಂದ 1906ರ ಜುಲೈ 21ರ ವರೆಗೆ ಈ ದ್ವೀಪದಲ್ಲಿ ಪ್ಲೇಗಿನಿಂದ ವಾರವಾರ ಸತ್ತವರ ಪಟ್ಟಿ ಅದು. ಅವರ ಸೂತ್ರದ ಪ್ರಕಾರ, ಏರಿಕೆ ತುದಿ ಮುಟ್ಟಿದ ಏಪ್ರಿಲ್ ನಡುವಿನ ವಾರದಲ್ಲಿ 890 ಸಾವು. ಸೂತ್ರದ ಗೆರೆಯೂ ನಿಜದ ಚುಕ್ಕೆಗಳೂ ಹತ್ತಿರ ಹತ್ತಿರ ಹೋಗುತ್ತವೆ. ಯಾವನೋ ಗುಮಾಸ್ತ, ಸುತ್ತ ಜನ ಸಾಯುತ್ತಿದ್ದಾಗಲೂ, ವಾರ ತಪ್ಪದೆ ಪಟ್ಟಿ ಬರೆದಿಟ್ಟ. ಅವನ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಲಿಲ್ಲ.

ಅವರು ಹೇಳಿದ ಮುಖ್ಯ ಮಾತನ್ನು ಸೌದೆ ಒಲೆಯ ಮುಂದೆ ಕೂತವರು ಬೇಗ ಹಿಡಿಯುತ್ತಾರೆ. ಒಲೆಯಲ್ಲಿ ಸೌದೆ ಒಂದಕ್ಕೊಂದು ತಾಗಿಕೊಂಡಿದ್ದರೆ ಉರಿ ಹಬ್ಬುತ್ತದೆ. ಒಂದೊಂದಾಗಿ ಎಳೆದು ದೂರವಿಟ್ಟರೆ, ಸೌದೆ ಇನ್ನೂ ಉಳಿದಿದ್ದರೂ ಉರಿ ಆರುತ್ತದೆ. ರೋಗ ನಿಲ್ಲುವುದಕ್ಕೆ ಊರಿನವರೆಲ್ಲ ಮಲಗಬೇಕಾದ್ದಿಲ್ಲ. ಒಬ್ಬ ರೋಗಿಯಿಂದ ಸರಾಸರಿ ಒಬ್ಬನಿಗಿಂತ ಕಡಿಮೆ ಮಂದಿಗೆ ಹತ್ತುವಂತಾದರೆ ಸಾಕು. ಯಾವ ಸೌದೆಯನ್ನು ಮೊದಲು ಎಳೆಯಬೇಕು, ಎಷ್ಟನ್ನು ಎಳೆದರೆ ಸಾಕು ಎಂದು ಹೇಳುವುದೇ ಈ ಗಣಿತದ ಉಪಯೋಗ. ಎಲ್ಲಿ ಉರಿಯುತ್ತಿದೆ ಎಂಬುದು ಮೊದಲು ಅದಕ್ಕೆ ತಿಳಿಯಬೇಕು, ಅಷ್ಟೆ.

ತಡವಾದರೆ ಏನಾಗುತ್ತದೆಂಬುದು ಬರಿಯ ಬಾಯಿಲೆಕ್ಕ. ಒಂದು ರೋಗ ಐದು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎನ್ನಿ. ಅಧಿಕಾರಿಯ ಮೇಜಿನ ಮೇಲೆ ಹತ್ತು ಜನರ ಹೆಸರಿದೆ; ಆದರೆ ಸುದ್ದಿ ಹತ್ತು ದಿನ ಹಳೆಯದು. ಆತ ಹತ್ತು ಜನಕ್ಕೆಂದು ಸಿದ್ಧತೆ ಮಾಡುವಾಗ ಊರಿನಲ್ಲಿ ನಲವತ್ತು ಜನ ಮಲಗಿರುತ್ತಾರೆ. ಅರ್ಧದಷ್ಟು ಮನೆಗಳು ನನ್ನ ಹಾಗೆ "ಯಾರಿಗೂ ಏನೂ ಇಲ್ಲ" ಎಂದಿದ್ದರೆ ಎಂಬತ್ತು.

ಹಾಗೆಂದು ಈ ಗಣಿತವನ್ನು ಪೂಜೆಗೆ ಇಡಬೇಡಿ. ಮುಂಬಯಿಯ ಆ ಪ್ರಸಿದ್ಧ ಗೆರೆ ಚುಕ್ಕೆಗಳಿಗೆ ಹೊಂದಿದ್ದು ಸರಿ. ಆದರೆ ಕಾರಣ ಪೂರ್ತಿ ಸರಿಯಲ್ಲವೆಂದು ಇತ್ತೀಚಿನ ಗಣಿತಜ್ಞರು ತೋರಿಸಿದ್ದಾರೆ. ಪ್ಲೇಗು ಇಳಿದದ್ದು ಬರಿಯ ಸೌದೆ ತೀರಿದ್ದರಿಂದಲ್ಲ. ಇಲಿಯ ಚಿಗಟಗಳು ಋತುವಿಗೆ ತಕ್ಕಂತೆ ಏರಿಳಿಯುತ್ತವೆ, ಮುಂಬಯಿಯಲ್ಲಿ ಪ್ರತಿವರ್ಷವೂ ಆ ಕಾಲಕ್ಕೆ ಪ್ಲೇಗು ಇಳಿಯುತ್ತಿತ್ತು. ಇಲಿಯ ವಿಷಯವನ್ನು ತಾವು ಸರಳ ಮಾಡಿಕೊಂಡಿದ್ದೇವೆ, ಈ ಅಂಕಿ ಸ್ಥೂಲವಾದದ್ದು ಎಂದು ಆ ಇಬ್ಬರೂ ತಾವೇ ಎಚ್ಚರಿಕೆ ಬರೆದಿದ್ದರು. ಓದಿದವರು ಅದನ್ನು ಮರೆತರು. ಕೊರೋನಾ ಕಾಲದಲ್ಲೂ ಹಾಗೆಯೇ ಆಯಿತು. 2020ರ ಅಕ್ಟೋಬರಿನಲ್ಲಿ ವಿದ್ವಾಂಸರ ಸಮಿತಿಯೊಂದು, ದೇಶದಲ್ಲಿ ರೋಗದ ಏರಿಕೆಯ ತುದಿ ದಾಟಿತು, ಫೆಬ್ರವರಿಯ ಹೊತ್ತಿಗೆ ಬಹುಮಟ್ಟಿಗೆ ಇಳಿದೀತು ಎಂದಿತು. 2021ರ ಏಪ್ರಿಲ್ ಹೇಗಿತ್ತೆಂದು ನಮ್ಮಲ್ಲಿ ಯಾರೂ ಮರೆತಿಲ್ಲ. ಈ ಲೆಕ್ಕವನ್ನು ಪಂಚಾಂಗದಂತೆ ನೋಡಬಹುದು, ಜಾತಕದಂತೆ ನೋಡಬಾರದು ಎನ್ನುತ್ತಾರೆ ನಮ್ಮ ಮನೆಯವರು. ಆಕೆ ಪಂಚಾಂಗವನ್ನೂ ದಿನವೂ ನೋಡುತ್ತಾಳೆ, ಜಾತಕವನ್ನೂ ನಂಬುತ್ತಾಳೆ. ಅದು ಬೇರೆ ಮಾತು.

ಅದೇ 2020ರ ಜುಲೈನಲ್ಲಿ ಇದೇ ಊರಿನಲ್ಲಿ ಮಾಡಿದ ಒಂದು ಎಣಿಕೆ ಮಾತ್ರ ನನ್ನ ಕಣ್ಣು ತೆರೆಸಿತು. ನಮ್ಮ ಮಾಟುಂಗ, ಸೋದರಿಯವರ ಚೆಂಬೂರು, ಅತ್ತ ದಹಿಸರ್, ಈ ಮೂರು ಕಡೆಯ ವಾರ್ಡುಗಳಲ್ಲಿ ಸುಮಾರು ಏಳು ಸಾವಿರ ಜನರ ರಕ್ತ ಪರೀಕ್ಷಿಸಿದರು. ಝೋಪಡಪಟ್ಟಿಗಳಲ್ಲಿ ನೂರಕ್ಕೆ 57 ಜನಕ್ಕೆ, ಉಳಿದ ಕಟ್ಟಡಗಳಲ್ಲಿ ನೂರಕ್ಕೆ 16 ಜನಕ್ಕೆ ಕೊರೋನಾ ಆಗಲೇ ಬಂದು ಹೋಗಿದ್ದುದು ತಿಳಿಯಿತು. ರಸ್ತೆಯ ಆಚೆ ಬದಿ ಈಚೆ ಬದಿಗೇ ಇಷ್ಟು ಅಂತರ! ಮುಂಬಯಿ ಎಂಬ ಒಂದೇ ಅಂಕಿಯಿಂದ ಮಾಟುಂಗಕ್ಕೆ ಔಷಧ ಮಾಡಲಾಗದು. ಬೀದಿಯ ಲೆಕ್ಕ ಬೀದಿಯದೇ ಆಗಬೇಕು.

ಊರಿನ ಕಡೆಯ ಒಂದು ಸಂಗತಿ ಹೇಳುತ್ತೇನೆ. ನನ್ನ ತಂಗಿಯನ್ನು ಕೊಟ್ಟಿರುವುದು ಸಾಗರದ ಕಡೆ, ಅಡಕೆ ತೋಟದ ಮನೆಗೆ. 1957ರಲ್ಲಿ ಅದೇ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಹಿಂದೆಯೇ ಜನಕ್ಕೂ ಜ್ವರ ಬಂದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಮೊದಲು ಹಳದಿ ಜ್ವರವೋ ಎಂದು ಬೆಚ್ಚಿ, ಆಮೇಲೆ ಇದು ಹೊಸದೇ ಒಂದು ವೈರಸ್, ಕಾಡಿನ ಉಣುಗಿನಿಂದ ಬರತಕ್ಕದ್ದು ಎಂದು ಕಂಡುಹಿಡಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಇಂದು ಕ್ಯಾಸನೂರಿನ ಹೆಸರಿದೆ. ನಮ್ಮವರಿಗೆ ಅದು ಮಂಗನ ಕಾಯಿಲೆ. ಸುಗ್ಗಿ ಮುಗಿದು ಕಾಡಿಗೆ ಸೊಪ್ಪು ಸೌದೆಗೆ ಹೋಗುವ ಕಾಲ, ಅಂದರೆ ಡಿಸೆಂಬರಿನಿಂದ ಮೇ ವರೆಗೆ, ಅದರ ಕಾಟ. ಸತ್ತ ಮಂಗನ ಮೈಯಿಂದ ಉಣುಗುಗಳು ಉದುರಿ ಆ ಜಾಗವೇ ಅಪಾಯದ ತಾಣವಾಗುತ್ತದೆ. ಪ್ಲೇಗಿಗೆ ಇಲಿ ಹೇಗೋ ಇಲ್ಲಿ ಮಂಗ ಹಾಗೆ. ಶಿವಮೊಗ್ಗದ್ದೇ ಎಂದು ಸುಮ್ಮನಿದ್ದ ಕಾಯಿಲೆ 2012ರಲ್ಲಿ ಬಂಡೀಪುರದಲ್ಲಿ, 2015ರಲ್ಲಿ ಗೋವೆಯ ಗೇರು ತೋಟಗಳಲ್ಲಿ, 2016ರಲ್ಲಿ ಸಿಂಧುದುರ್ಗದಲ್ಲಿ ಕಾಣಿಸಿಕೊಂಡಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಳ್ಳಿಗಳ ಜ್ವರದ ಲೆಕ್ಕವನ್ನೂ ಕಾಡಿನ ನಕ್ಷೆಯನ್ನೂ ದನಗಳ ಎಣಿಕೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿದರು. ನಡುಗಾಡಿಗಿಂತ, ನಿತ್ಯಹಸುರಿನ ಕಾಡೂ ತೋಟವೂ ಹೆಣೆದುಕೊಂಡಿರುವ, ನಾಡದನಗಳು ಹೆಚ್ಚಾಗಿರುವ ಕಡೆ ಅಪಾಯ ಹೆಚ್ಚೆಂದು ತಿಳಿಯಿತು. ಅಂದರೆ ನಮ್ಮ ತಂಗಿಯ ಮನೆಯ ಹಿತ್ತಲು. ಇಂಥ ನಕ್ಷೆ ಕೈಯಲ್ಲಿದ್ದರೆ ಮೈಗೆ ಹಚ್ಚುವ ಎಣ್ಣೆಯನ್ನೂ ಎಚ್ಚರಿಕೆಯನ್ನೂ ಯಾವ ಊರಿಗೆ ಮೊದಲು ಕಳುಹಿಸಬೇಕೆಂದು ತಿಳಿಯುತ್ತದೆ.

ಎರಡು ಬೇಸಿಗೆಗಳ ಹಿಂದೆ ಅವಳ ತೋಟದ ಅಂಚಿನಲ್ಲಿ ಒಂದು ಮಂಗ ಸತ್ತು ಬಿತ್ತು. ಆಳು ಅದನ್ನು ಎಳೆದು ಹಳ್ಳಕ್ಕೆ ಹಾಕುತ್ತೇನೆಂದ. ಭಾವನವರಿಗೆ ಅದೇ ಸರಿಯೆನಿಸಿತು. ಸುದ್ದಿ ಹಬ್ಬಿದರೆ ಕೆಲಸಕ್ಕೆ ಜನ ಬರರು. ತಂಗಿ ಯಾರ ಮಾತನ್ನೂ ಕೇಳದೆ ಆಸ್ಪತ್ರೆಗೆ ಫೋನು ಮಾಡಿದಳು. ಜನ ಬಂದರು, ಮಾದರಿ ತೆಗೆದರು, ಸುತ್ತ ಪುಡಿ ಎರಚಿದರು, ಹಳ್ಳಿಯ ಜ್ವರದವರನ್ನು ವಿಚಾರಿಸಿದರು. ವಾರ ಕಳೆದು ಉತ್ತರ ಬಂತು: ಮಂಗನಲ್ಲಿ ಆ ವೈರಸ್ ಇರಲಿಲ್ಲ. "ನೋಡಿ, ಸುಮ್ಮನೆ ರಾದ್ಧಾಂತ ಮಾಡಿದಳು ನಿಮ್ಮ ತಂಗಿ" ಎಂದು ಭಾವ ನನಗೆ ದೂರಿದರು.

ಭಾವನವರು ಕಛೇರಿಯಲ್ಲಿ ದುಡಿದವರಲ್ಲ. ಅವರಿಗೆ ನಿಲ್ ರಿಟರ್ನ್ ಎಂದರೇನೆಂದು ಗೊತ್ತಿಲ್ಲ. ತಿಂಗಳಲ್ಲಿ ಯಾವ ಖರ್ಚೂ ಆಗದಿದ್ದ ಶಾಖೆಯಿಂದಲೂ 'ಸೊನ್ನೆ' ಎಂದು ಬರೆದು ರುಜು ಹಾಕಿದ ಕಾಗದ ಬರಲೇಬೇಕೆಂದು ನಾನು ಹಟ ಹಿಡಿಯುತ್ತಿದ್ದೆ. ಖಾಲಿ ಬಿಟ್ಟ ಕಾಲಮ್ಮಿಗೂ ಸೊನ್ನೆ ಬರೆದ ಕಾಲಮ್ಮಿಗೂ ಅಜಗಜಾಂತರ. ಖಾಲಿ ಎಂದರೆ ಯಾರೂ ನೋಡಿಲ್ಲ. ಸೊನ್ನೆ ಎಂದರೆ ಯಾರೋ ಹೋಗಿ ನೋಡಿದ್ದಾರೆ. 2004ರಲ್ಲಿ ದೇಶದಲ್ಲೆಲ್ಲ ಆರಂಭವಾದ ರೋಗ ಸರ್ವೇಕ್ಷಣೆಯ ಯೋಜನೆ ವಾರವಾರ ಕೇಳಿದ್ದೂ ಇದನ್ನೇ. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರದೊಂದು ನಮೂನೆ, ಡಾಕ್ಟರರದೊಂದು, ಪ್ರಯೋಗಶಾಲೆಯದೊಂದು.

ಈಗ ಸೋದರಿಯವರ ಪ್ರಶ್ನೆಗೆ ಬರುತ್ತೇನೆ. ಡೆಂಗ್ಯೂ ಸೊಳ್ಳೆ ಬಹಳ ದೂರ ಹಾರುವುದಲ್ಲ. ಹುಟ್ಟಿದ ಮನೆಯ ಸುತ್ತ ನೂರಿನ್ನೂರು ಗಜದಲ್ಲೇ ಅದರ ಸಂಸಾರ. ಆದುದರಿಂದಲೇ ಅವರು ಮಹಡಿಯ ಸಂಖ್ಯೆಯನ್ನು ಕೂಡ ಕೇಳುವುದು. ಜ್ವರದಲ್ಲಿರುವ ನಿಮ್ಮ ಮಗಳನ್ನು ಕಚ್ಚಿದ ಸೊಳ್ಳೆ ಅದೇ ದಿನ ಇನ್ನೊಬ್ಬರಿಗೆ ರೋಗ ದಾಟಿಸಲಾರದು. ವೈರಸ್ ಅದರ ಹೊಟ್ಟೆಯಿಂದ ಬಾಯಿಗೆ ಬರಲು ಎಂಟು ಹನ್ನೆರಡು ದಿನ ಬೇಕು. ಆ ಎಂಟು ದಿನ ನಮ್ಮ ಕೈಯಲ್ಲಿದೆ. ಮೊದಲನೆಯ ಜ್ವರದ ಸುದ್ದಿ ಅಂದೇ ತಿಳಿದರೆ, ಆ ಸೊಳ್ಳೆಗೆ ವಿಷ ಏರುವ ಮುಂಚೆಯೇ ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ನೀರು, ಮಾಳಿಗೆಯ ಟಾಂಕಿ ಎಲ್ಲವನ್ನೂ ನೋಡಿಸಿ, ಕಟ್ಟಡಕ್ಕೆ ಹೊಗೆ ಹಾಕಿಸಬಹುದು. ಸುದ್ದಿ ಮೂರು ವಾರಕ್ಕೆ ತಿಳಿದರೆ ಹೊಗೆಯ ವಾಸನೆ ಮಾತ್ರ ಲಾಭ. ನಿಮ್ಮ ಮಗಳ ಜ್ವರ ಬರೆದುಕೊಂಡು ಅವರಿಗೆ ಆಗಬೇಕಾದ್ದು ಇಷ್ಟೇ, ಸೋದರಿ. ಅದು ನಿಮ್ಮ ಮಗಳಿಗಾಗಿ ಅಲ್ಲ, ನೆರೆಮನೆಯ ಮಗುವಿಗಾಗಿ. ತಪ್ಪೇ ಎಂದು ಕೇಳಿದಿರಿ. ತಪ್ಪು. ನನ್ನದಕ್ಕಿಂತ ಚಿಕ್ಕದು, ನೀವು ಮಗು ಗುಣವಾದ ಮೇಲಾದರೂ ಕೇಳಿದಿರಿ.

ಅತ್ತೆಯವರಿಗೆ ಎದುರಾಡಬೇಡಿ. ಅವರಿಗೆ ಪುಣೆಯ ಪ್ಲೇಗಿನ ಕಥೆ ಹೇಳಿ, ಅವರ ಹೆದರಿಕೆ ಹುಚ್ಚಲ್ಲವೆಂದು ಮೊದಲು ಒಪ್ಪಿಕೊಳ್ಳಿ. ಆಮೇಲೆ ಸೇವಿಕೆಯವರಿಗೆ, ಹೆಸರನ್ನು ಮೆಟ್ಟಿಲಲ್ಲಿ ಕೂಗಿ ಓದಬೇಡಿರೆಂದು ಧಾರಾಳವಾಗಿ ಹೇಳಿ. 2020ರಲ್ಲಿ ಬಾಗಿಲಿಗೆ ಕಾಗದ ಅಂಟಿಸಿ ಹೋದರಲ್ಲ, ಆ ಅವಮಾನ ಜನ ಇನ್ನೂ ಮರೆತಿಲ್ಲ. ಜ್ವರ ಮುಚ್ಚಿಡುವುದನ್ನು ಅರ್ಧ ಕಲಿಸಿದ್ದೇ ಅದು. ನಮ್ಮಿಂದ ಲೆಕ್ಕ ತೆಗೆದುಕೊಂಡು ಹೋಗುವವರು ನಮಗೂ ಲೆಕ್ಕ ಒಪ್ಪಿಸಬೇಕು: ಈ ವಾರ ನಿಮ್ಮ ಬೀದಿಯಲ್ಲಿ ಇಷ್ಟು ಜ್ವರ, ಇಂತಿಷ್ಟು ಕಡೆ ಸೊಳ್ಳೆಮರಿ ಸಿಕ್ಕಿತು, ಇಷ್ಟನ್ನು ಸರಿಮಾಡಿದೆವು ಎಂದು. ನನ್ನ ಅನುಭವದಲ್ಲಿ ಅಂಕಿ ಮೇಲಕ್ಕೆ ಬಹು ಬೇಗ ಏರುತ್ತದೆ, ಕೆಳಕ್ಕೆ ಇಳಿಯುವುದೇ ಇಲ್ಲ. ಇದನ್ನು ಸೊಸೈಟಿಯ ಸಭೆಯಲ್ಲಿ ಕೇಳಲು ಸೆಕ್ರೆಟರಿಯವರಿಗೆ ಹೇಳಿ; ಬಾಡಿಗೆಯವರ ಚಿಂತೆಗಿಂತ ಇದು ಒಳ್ಳೆಯ ಕೆಲಸ.

ಮೇಲಿನ ಮನೆಯ ಹುಡುಗನ ತಾಯಿಗೆ ನಾನು ವಿಷಯ ತಿಳಿಸಿದ್ದು ಒಂದು ವರ್ಷ ಕಳೆದ ಮೇಲೆ. ಆಕೆ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲೇ ಹೇಳಬಾರದಿತ್ತೇ, ಮಾವಾ?" ಎಂದಷ್ಟೇ ಅಂದರು. ಈಗಲೂ ಹಬ್ಬಕ್ಕೆ ಹೋಳಿಗೆ ಕಳುಹಿಸುತ್ತಾರೆ.

ಮೊನ್ನೆ ಮಂಗಳವಾರ ಸೇವಿಕೆ ಮತ್ತೆ ಬಂದಿದ್ದರು. ಮೂರು ವರ್ಷದ ಹಿಂದೆ ಬಂದಿದ್ದವರೇ. ತಟ್ಟೆಗಳನ್ನೆಲ್ಲ ಬೋರಲು ಹಾಕಿದ್ದನ್ನು ನೋಡಿದರು. "ಯಾರಿಗಾದರೂ ಜ್ವರ?" ಎಂದರು. "ಯಾರಿಗೂ ಇಲ್ಲ, ತಾಯಿ" ಎಂದೆ. ಈ ಸಲ ಅದು ನಿಜವಾಗಿತ್ತು. ಆಕೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಒಳಗೆ ಬಂದು ಮೊಮ್ಮಗನನ್ನೂ ಒಮ್ಮೆ ಕಣ್ಣಾರೆ ನೋಡಿ, ಆಮೇಲೆ ಸೊನ್ನೆ ಬರೆದುಕೊಂಡರು.